ಅತ್ತೆ ಕಟ್ಟಿದ ಬ್ಯಾಂಡೇಜು

ಅತ್ತೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬರುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

"ಯಾರಾದ್ರೂ ಕೇಳಿದ್ರೆ ಏನಂತೀಯಾ?" ಅತ್ತೆ ಬಗ್ಗಿ ಮೆಣಸಿನ ಕಿವಿಯಲ್ಲಿ ಕೇಳಿದಳು. ತಾನು ಪಿಸುಗುಟ್ಟುತ್ತಿದ್ದೇನೆ ಅಂತ ಅವಳು ಅಂದುಕೊಂಡಿದ್ದಳು. ಸೆಕ್ಯುರಿಟಿಯ ಸಾಲಿನಲ್ಲಿ ಮುಂದೆ ನಿಂತಿದ್ದ ಇಬ್ಬರು ತಿರುಗಿ ನೋಡಿದರು.

"ಬಿದ್ದೆ ಅಂತೀನಿ."

"ಶಾಣ್ಯಾ ಹುಡುಗಿ."

"ಎಲ್ಲಿ ಬಿದ್ದೆ ಅಂದ್ರೆ?"

"ಎಲ್ಲೋ ಬಿದ್ದೆ ಅನ್ನು. ಮಕ್ಕಳು ಎಲ್ಲಾದ್ರೂ ಬೀಳ್ತಾವೆ. ಅದನ್ನೆಲ್ಲ ಯಾರು ಕೇಳ್ತಾರೆ?"

"ನಾನಾದ್ರೆ ಕೇಳ್ತೀನಿ," ಎಂದಳು ಮೆಣಸು.

ಮೆಣಸು ಅನ್ನುವುದು ಅವಳ ಶಾಲೆಯ ಹೆಸರಲ್ಲ. ಆಳು ಚಿಕ್ಕದು, ಮಾತು ಖಾರ ಅಂತ ಮನೆಯಲ್ಲಿ ಎಲ್ಲರೂ ಹಾಗೆ ಕರೆಯುತ್ತಿದ್ದರು. ನಾಲ್ಕನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತು. ಅತ್ತೆಯ ಮಗಳಿಗೆ ಪಾಪು ಹುಟ್ಟಿತ್ತು. ಆ ಪಾಪುವನ್ನು ನೋಡಿ, ಒಂದು ವಾರ ಇದ್ದು ಬರೋಣ ಅಂತ ಇಬ್ಬರೂ ವಿಮಾನ ಹತ್ತಲು ಬಂದಿದ್ದರು.

ಮೆಣಸಿನ ಎಡತೋಳಿನ ಹಿಂಭಾಗದಲ್ಲಿ ಒಂದು ಬಿಳಿ ಬಿಲ್ಲೆ ಅಂಟಿಕೊಂಡಿತ್ತು. ಕೋಟಿನ ಗುಂಡಿಯಷ್ಟು ಅಗಲ. ಡಾಕ್ಟರು ಅದನ್ನು ಸೆನ್ಸರ್ ಅನ್ನುತ್ತಿದ್ದರು, ಮೆಣಸು ಬಿಲ್ಲೆ ಅನ್ನುತ್ತಿದ್ದಳು. ಅದರ ಅಡಿಯಿಂದ ಕೂದಲೆಳೆಯಂಥ ತಂತಿಯೊಂದು ಚರ್ಮದೊಳಗೆ ಇಳಿದು, ಮೈಯಲ್ಲಿ ಸಕ್ಕರೆ ಎಷ್ಟಿದೆ ಅಂತ ಹಗಲೂ ರಾತ್ರಿ ನೋಡುತ್ತಿತ್ತು. ನೋಡಿದ್ದನ್ನು ಫೋನಿಗೆ ಹೇಳುತ್ತಿತ್ತು. ಸಕ್ಕರೆ ಏರಿದರೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಇಳಿದರೆ ತಕ್ಷಣ ಸಿಹಿ ಜ್ಯೂಸು ಕುಡಿಯಬೇಕು. ಕುಡಿಯದಿದ್ದರೆ ಮೊದಲು ಕೈಕಾಲು ನಡುಗುತ್ತದೆ, ಆಮೇಲೆ ತಲೆ ತಿರುಗುತ್ತದೆ, ಅದಾದ ಮೇಲೆ ಏನಾಗುತ್ತದೆ ಅಂತ ಹೇಳಲು ಎಚ್ಚರವೇ ಇರುವುದಿಲ್ಲ.

ಎರಡು ವರ್ಷದಿಂದ ಮೆಣಸು ಹೀಗೇ ಇದ್ದಳು. ಹಲ್ಲುಜ್ಜುವ ಹಾಗೆ ಅದೂ ಅವಳಿಗೆ ದಿನದ ಒಂದು ಕೆಲಸ.

ಅತ್ತೆಗೆ ಮಾತ್ರ ಅದು ಬೀಗ ಹಾಕಿಡಬೇಕಾದ ಗುಟ್ಟು.

"ನಾಲ್ಕು ಜನಕ್ಕೆ ಗೊತ್ತಾದ್ರೆ ಏನು ಗತಿ? ನಾಳೆ ಮದುವೆ ಗಿದುವೆ ಅಂತ ಬಂದಾಗ?" ಅನ್ನುತ್ತಿದ್ದಳು.

ಆ ನಾಲ್ಕು ಜನ ಯಾರು ಅಂತ ಮೆಣಸು ಒಮ್ಮೆ ಕೇಳಿದ್ದಳು. ಅತ್ತೆ ಒಬ್ಬರ ಹೆಸರನ್ನೂ ಹೇಳಲಿಲ್ಲ. ಮದುವೆಯ ಚಿಂತೆಯೂ ಮೆಣಸಿಗೆ ಇರಲಿಲ್ಲ. ಅದಕ್ಕಿಂತ ಮೊದಲು ಐದನೇ ಕ್ಲಾಸು ಬರುತ್ತಿತ್ತು, ಅದರಲ್ಲಿ ಭಿನ್ನರಾಶಿ ಇದೆ ಅಂತ ಕೇಳಿ ಆ ಚಿಂತೆಯಲ್ಲಿದ್ದಳು.

ಮನೆಯಿಂದ ಹೊರಡುವಾಗ ಅಮ್ಮ ಬಿಡಿಸಿ ಬಿಡಿಸಿ ಹೇಳಿದ್ದಳು. "ಸೆಕ್ಯುರಿಟಿ ಹತ್ರ ಹೋದ ತಕ್ಷಣ ಬಿಲ್ಲೆ ತೋರಿಸಿಬಿಡಿ. ಡಾಕ್ಟರ ಚೀಟಿ ಕೈಯಲ್ಲೇ ಇರ್ಲಿ. ಇವಳ ತಿಂಡಿ ಅರ್ಧ ಆಗಿದೆ, ಉಳಿದದ್ದನ್ನ ದಾರೀಲಿ ತಿನ್ನಿಸಿ. ಇನ್ಸುಲಿನ್ ತಗೊಂಡಾಗಿದೆ, ಮರೀಬೇಡಿ."

"ಆಯ್ತಾಯ್ತು, ನಂಗೇನು ಗೊತ್ತಾಗಲ್ವಾ?" ಎಂದಿದ್ದಳು ಅತ್ತೆ.

ಹಾಗೆಂದವಳು ಡಾಕ್ಟರ ಚೀಟಿಯನ್ನು ಜೋಪಾನವಾಗಿ ದೊಡ್ಡ ಸೂಟ್‌ಕೇಸಿನ ತಳಕ್ಕೆ ಸೇರಿಸಿದಳು. ಆ ಸೂಟ್‌ಕೇಸು ಕೌಂಟರಿನಲ್ಲಿ ತೂಕ ಮಾಡಿಸಿಕೊಂಡು, ರಬ್ಬರ್ ಪಟ್ಟಿಗಳ ಹಿಂದೆ ನುಸುಳಿ ಮಾಯವಾಯಿತು. ತಿಂಡಿಯ ಡಬ್ಬಿ ಟ್ಯಾಕ್ಸಿಯ ಸೀಟಿನ ಮೇಲೆ ಉಳಿಯಿತು. "ಫ್ಲೈಟ್ ತಪ್ಪುತ್ತೆ, ಇಳಿ ಇಳಿ," ಅಂತ ಅತ್ತೆ ಅವಸರ ಮಾಡಿದ್ದಳು. ಫ್ಲೈಟಿಗೆ ಇನ್ನೂ ಒಂದು ನಿದ್ದೆ ಮಾಡಿ ಏಳುವಷ್ಟು ಹೊತ್ತಿತ್ತು.

ಆಮೇಲೆ ಅತ್ತೆ ಮೆಣಸನ್ನು ಟಾಯ್ಲೆಟ್ಟಿಗೆ ಕರೆದುಕೊಂಡು ಹೋದಳು. ಬಿಲ್ಲೆಯ ಮೇಲೆ ಅಂಗೈ ಅಗಲದ ಟೇಪು ಒತ್ತಿ ಅಂಟಿಸಿದಳು. ಟೇಪಿನ ಮೇಲೆ ಬಿಳಿ ಬ್ಯಾಂಡೇಜು ಸುತ್ತಿದಳು. ಭುಜದಿಂದ ಮೊಣಕೈವರೆಗೆ, ಉರುಳೆ ಖಾಲಿಯಾಗುವ ತನಕ. ಕನ್ನಡಿಯಲ್ಲಿ ನೋಡಿದರೆ ಮೆಣಸು ಯುದ್ಧ ಮುಗಿಸಿ ಬಂದವಳ ಹಾಗಿದ್ದಳು.

"ಈಗ ನೋಡು, ಯಾರಿಗೂ ಕಾಣಲ್ಲ," ಎಂದಳು ಅತ್ತೆ.

ಅಲ್ಲಿಯವರೆಗೆ ಮೆಣಸಿನ ತೋಳನ್ನು ಯಾರೂ ನೋಡಿರಲಿಲ್ಲ. ಈಗ ಎಲ್ಲರೂ ನೋಡುತ್ತಿದ್ದರು.

ಸಾಲು ಮುಂದೆ ಸರಿಯಿತು. ಟ್ರೇ ಕೊಡುವವನು ಬೆಳಗಿನಿಂದ ಒಂದೇ ಮಾತು ಹೇಳಿ ಹೇಳಿ, ಈಗ ಅವನನ್ನು ಕೇಳದೆಯೇ ಅವನ ಬಾಯಿ ಅದನ್ನು ಹೇಳುತ್ತಿತ್ತು.

"ಫೋನು, ಲ್ಯಾಪ್‌ಟಾಪು, ಬೆಲ್ಟು, ವಾಚು, ಪರ್ಸು. ಎಲ್ಲಾ ಟ್ರೇಗೆ."

"ಅಣ್ಣಾ, ನನ್ನ ಫೋನು ಕೈಯಲ್ಲೇ ಇರ್ಬೇಕು," ಎಂದಳು ಮೆಣಸು.

"ಫೋನು, ಲ್ಯಾಪ್‌ಟಾಪು, ಬೆಲ್ಟು..."

"ಯಾಕಂದ್ರೆ ಅದರಲ್ಲಿ ನನ್ನ..."

ಅತ್ತೆ ಹಿಂದಿನಿಂದ ಅವಳ ಜಡೆ ಎಳೆದಳು. "ಈಗಿನ ಮಕ್ಕಳು ನೋಡಪ್ಪಾ, ಫೋನ್ ಬಿಟ್ಟು ಒಂದು ಗಳಿಗೆ ಇರಲ್ಲ. ಗೇಮು, ಗೇಮು, ಇಪ್ಪತ್ನಾಲ್ಕು ಗಂಟೆ ಗೇಮು."

ಆ ಫೋನಿನಲ್ಲಿ ಒಂದೇ ಒಂದು ಗೇಮೂ ಇರಲಿಲ್ಲ. ಅಪ್ಪ ಹಾಕಿಸಿಕೊಡಲಿಲ್ಲ ಅಂತ ಮೆಣಸು ವರ್ಷವಿಡೀ ಗೊಣಗಿದ್ದಳು. ಈಗ ಮಾಡದ ತಪ್ಪಿಗೆ ತಲೆ ತಗ್ಗಿಸಿಕೊಂಡು ಫೋನನ್ನು ಟ್ರೇಗೆ ಹಾಕಿದಳು.

ಮೆಣಸಿನ ಬ್ಯಾಗು ಮೆಷಿನ್ನಿನ ಒಳಗೆ ಹೋಯಿತು. ನಿಂತಿತು. ಹಿಂದೆ ಬಂತು. ಮತ್ತೆ ಮುಂದೆ ಹೋಯಿತು. ಸ್ಕ್ರೀನಿನ ಮುಂದೆ ಕುಳಿತಿದ್ದವನು ಕುತ್ತಿಗೆ ಚಾಚಿದ.

"ಈ ಬ್ಯಾಗ್ ಯಾರದು?"

"ನಮ್ಮದೇ," ಎಂದಳು ಅತ್ತೆ.

"ಎರಡು ಜ್ಯೂಸ್ ಡಬ್ಬಿ ಇದಾವೆ. ಒಳಗೆ ಬಿಡೋ ಹಾಗಿಲ್ಲ."

"ಮಗು ಕುಡಿಯತ್ತೆ ಸರ್, ಪಾಪ."

"ಒಳಗೆ ಅಂಗಡಿ ಇದೆ ಮೇಡಂ. ಅಲ್ಲಿ ಕೊಡ್ಸಿ. ಇದೇನು ಪೆನ್ನುಗಳಾ?"

"ಹೌದೌದು. ಸ್ಕೆಚ್ ಪೆನ್ನು. ಹುಡುಗಿ ಚಿತ್ರ ಬಹಳ ಚೆನ್ನಾಗಿ ಬರೀತಾಳೆ."

ಮೆಣಸು ಆನೆ ಬರೆದರೆ ಜನ ಅದನ್ನು ಟೀಪಾಟ್ ಅನ್ನುತ್ತಿದ್ದರು. ಬ್ಯಾಗಿನಲ್ಲಿದ್ದದ್ದು ಇನ್ಸುಲಿನ್ ಪೆನ್ನು.

"ಪಕ್ಕದಲ್ಲಿ ಸೂಜಿ ಕಾಣ್ತಿದೆಯಲ್ಲ?" ಎಂದ ಸ್ಕ್ರೀನಿನವನು.

ಅತ್ತೆ ಒಂದು ಕ್ಷಣ ಯೋಚಿಸಿದಳು. "ಅದು ಹೊಸ ಥರದ ಸ್ಕೆಚ್ ಪೆನ್ನು," ಎಂದಳು.

ಅವನು ಅತ್ತೆಯ ಮುಖ ನೋಡಿದ. ಸ್ಕ್ರೀನ್ ನೋಡಿದ. ಇನ್ನೊಮ್ಮೆ ಅತ್ತೆಯ ಮುಖ ನೋಡಿ, ಬ್ಯಾಗನ್ನೂ ಫೋನಿದ್ದ ಟ್ರೇಯನ್ನೂ ಪಕ್ಕದ ಸ್ಟೀಲ್ ಟೇಬಲ್ಲಿನ ಮೇಲೆ ತೆಗೆದಿಟ್ಟ.

ಹೆಂಗಸರನ್ನು ಪರೀಕ್ಷಿಸಲು ಪರದೆ ಕಟ್ಟಿದ ಒಂದು ಚಿಕ್ಕ ಜಾಗವಿತ್ತು. ಒಳಗೆ ಒಬ್ಬಳು ಗಾರ್ಡು ಕಪ್ಪು ಕೋಲು ಹಿಡಿದು ನಿಂತಿದ್ದಳು. ಕಬ್ಬಿಣ ಸಿಕ್ಕಿದರೆ ಕೂಗುವ ಕೋಲು.

"ಬಾ ಪುಟ್ಟಾ. ಕೈ ಅಗಲ ಮಾಡು, ರೆಕ್ಕೆ ಥರ."

ಮೆಣಸು ರೆಕ್ಕೆ ಬಿಚ್ಚಿದಳು. ಕೋಲು ಬಲಗಡೆ ಸುಮ್ಮನಿತ್ತು. ಎಡತೋಳಿನ ಹತ್ತಿರ ಬಂದಾಗ ಕುಂಯ್ ಅಂದಿತು.

"ಏನಾಗಿದೆ ಕೈಗೆ?"

"ಬಿದ್ದೆ," ಎಂದಳು ಮೆಣಸು, ಬಾಯಿಪಾಠ ಒಪ್ಪಿಸುವ ಹಾಗೆ.

"ಅಯ್ಯೋ. ಎಲ್ಲಿ ಬಿದ್ದೆ?"

ಕೇಳಿಯೇ ಕೇಳುತ್ತಾರೆ ಅಂತ ಮೆಣಸಿಗೆ ಗೊತ್ತಿತ್ತು. "ಎಲ್ಲೋ," ಎಂದಳು.

ಅಷ್ಟರಲ್ಲಿ ಪರದೆಯ ಸಂದಿಯಿಂದ ಅತ್ತೆಯ ತಲೆ ಒಳಗೆ ಬಂತು. "ಇಂಜೆಕ್ಷನ್ ಕೊಟ್ಟಿದ್ದು ಊದ್ಕೊಂಡಿದೆ ಅಷ್ಟೇ ಕಣಮ್ಮಾ!"

"ಮಗು ಬಿದ್ದೆ ಅಂತಿದೆಯಲ್ಲ ಮೇಡಂ?"

"ಬಿದ್ದಿದ್ದಕ್ಕೇ ಇಂಜೆಕ್ಷನ್ನು."

"ಒಳಗೆ ಏನೋ ಕಬ್ಬಿಣದ್ದಿದೆ. ಕೋಲು ಕೂಗ್ತಿದೆ ನೋಡಿ."

ಅತ್ತೆಯ ಹಣೆಯ ಮೇಲೆ ಬೆವರು ಮೂಡಿತು. "ಕುರು," ಎಂದಳು.

"ಏನು?"

"ಕುರು ಎದ್ದಿದೆ. ದೊಡ್ಡ ಕುರು. ಅದಕ್ಕೇ ಕಟ್ಟಿರೋದು."

"ಕುರುವಿನಲ್ಲಿ ಕಬ್ಬಿಣ ಇರತ್ತಾ ಮೇಡಂ?"

ಅತ್ತೆ ಮೆಣಸಿನ ಕಡೆ ನೋಡಿದಳು, ಈ ಪ್ರಶ್ನೆಗೆ ಉತ್ತರ ಅವಳು ಕೊಡಲಿ ಅನ್ನುವ ಹಾಗೆ. ಮೆಣಸು ಮೇಲೆ ಛಾವಣಿ ನೋಡಿದಳು.

ಗಾರ್ಡು ಸೂಪರ್‌ವೈಸರನ್ನು ಕರೆದಳು.

ಸೂಪರ್‌ವೈಸರು ಬಂದರು. ಅವರಿಗೆ ದೊಡ್ಡ ಮೀಸೆಯಿತ್ತು, ಮೀಸೆಗಿಂತ ದೊಡ್ಡ ವಾಕಿಟಾಕಿಯಿತ್ತು. ಅದನ್ನು ಬಿಟ್ಟು ಬರೀ ಬಾಯಿಯಲ್ಲಿ ಮಾತಾಡುವುದು ಅವರಿಗೆ ಸೇರುತ್ತಿರಲಿಲ್ಲ.

"ಮಗುವನ್ನ ಸ್ಟೀಲ್ ಟೇಬಲ್ ಹತ್ರ ಕರ್ಕೊಂಡು ಬನ್ನಿ, ಓವರ್," ಎಂದು ಅದರೊಳಗೆ ಹೇಳಿದರು.

"ಸರ್, ನಾನು ನಿಮ್ಮ ಪಕ್ಕದಲ್ಲೇ ಇದೀನಿ," ಎಂದಳು ಗಾರ್ಡು.

"ಗೊತ್ತು. ಪ್ರೊಸೀಜರ್."

ಟೇಬಲ್ಲಿನ ಹತ್ತಿರ ಹೋಗುವಾಗಲೇ ಮೆಣಸಿಗೆ ಏನೋ ಸರಿಯಿಲ್ಲ ಅನ್ನಿಸಿತು. ಅಂಗೈ ತಣ್ಣಗಾಗಿ ಬೆವರುತ್ತಿತ್ತು. ಹೊಟ್ಟೆಯೊಳಗೆ ಯಾರೋ ಹಳ್ಳ ತೋಡಿದ ಹಾಗಿತ್ತು. ಬೆಳಗ್ಗೆ ಇನ್ಸುಲಿನ್ ಪೂರ್ತಿ ಹೋಗಿತ್ತು, ತಿಂಡಿ ಅರ್ಧವೇ ಹೋಗಿತ್ತು.

ಆಗ ಟ್ರೇಯಲ್ಲಿದ್ದ ಫೋನು ಕೂಗತೊಡಗಿತು.

ಪೀಂ, ಪೀಂ, ಪೀಂ.

ಸೂಪರ್‌ವೈಸರು ಒಂದು ಹೆಜ್ಜೆ ಹಿಂದೆ ಹಾರಿದರು. "ಯಾರೂ ಮುಟ್ಟಬೇಡಿ! ಟೇಬಲ್ ಹತ್ರ ಯಾರೂ ಬರಬೇಡಿ, ಓವರ್!"

ಮೆಣಸಿಗೆ ಆ ಸದ್ದಿನ ಅರ್ಥ ಗೊತ್ತಿತ್ತು. ಸಕ್ಕರೆ ಎಪ್ಪತ್ತರ ಕೆಳಗೆ ಇಳಿದರೆ ಫೋನು ಹೀಗೆ ಕೂಗುತ್ತದೆ. ಇನ್ನೂ ಕೆಳಗೆ, ಐವತ್ತೈದಕ್ಕಿಂತ ಇಳಿದರೆ ಬೇರೆ ಥರ ಕೂಗುತ್ತದೆ. ಆ ಎರಡನೆಯ ಕೂಗು ಕೇಳಿದ ದಿನ ಮನೆಯಲ್ಲಿ ಯಾರೂ ಊಟ ಮಾಡಿರಲಿಲ್ಲ.

"ಸರ್, ಅದು ನನ್ನ ಫೋನು. ನಂಗೆ ಜ್ಯೂಸ್ ಬೇಕು."

"ಫೋನ್ ಕೂಗಿದ್ರೆ ನಿಂಗ್ಯಾಕಮ್ಮಾ ಜ್ಯೂಸು?" ಸೂಪರ್‌ವೈಸರು ಕೇಳಿದರು. ಆ ಹೊತ್ತಿನವರೆಗೆ ಯಾರೂ ಕೇಳದಂಥ ಸರಿಯಾದ ಪ್ರಶ್ನೆ ಅದು.

ಮೆಣಸು ಬಾಯಿ ತೆರೆದಳು. ಅವರ ಹಿಂದೆ ನಿಂತಿದ್ದ ಅತ್ತೆ ಬೇಡ ಬೇಡ ಅಂತ ತಲೆಯಾಡಿಸಿದಳು. ಸಾಲಿನಲ್ಲಿದ್ದವರೆಲ್ಲ ಇತ್ತಲೇ ನೋಡುತ್ತಿದ್ದರು. ಮೆಣಸಿನ ಕಿವಿ ಬಿಸಿಯಾಯಿತು. ಬಾಯಿ ಮುಚ್ಚಿದಳು.

"ಬಾಯಾರಿಕೆ ಸರ್ ಅವಳಿಗೆ," ಎಂದಳು ಅತ್ತೆ.

ಬಾಯಾರಿಕೆಗೆ ನೀರು ಬಂತು. ಕಾಗದದ ಲೋಟದ ತುಂಬ. ಮೆಣಸು ಕುಡಿದಳು. ನೀರಿನಲ್ಲಿ ಸಕ್ಕರೆ ಇರಲಿಲ್ಲ. ಫೋನು ಕೂಗುತ್ತಲೇ ಇತ್ತು.

"ಕೈಗೆ ಏನಾಗಿದೆ?" ಸೂಪರ್‌ವೈಸರು ಕೇಳಿದರು.

"ಬಿದ್ದಿದಾಳಂತೆ, ಇಂಜೆಕ್ಷನ್ ಅಂತೆ, ಕುರು ಅಂತೆ," ಎಂದಳು ಗಾರ್ಡು.

"ಮೂರೂನಾ?"

"ಮೂರೂ ಸರ್."

ಅವರು ಮೀಸೆ ತೀಡಿಕೊಂಡರು. "ಕುರು ಅಂದ್ರೆ ಹುಡುಗಾಟ ಅಲ್ಲ. ನಂಗೂ ಆಗಿತ್ತು. ಎಲ್ಲಿ ಅಂತ ಕೇಳಬೇಡಿ. ಹದಿನೈದು ದಿನ ನಿಂತ್ಕೊಂಡೇ ಡ್ಯೂಟಿ ಮಾಡಿದೀನಿ."

ಗಾರ್ಡು ನಗು ತಡೆಯಲು ಬೇರೆ ಕಡೆ ತಿರುಗಿದಳು.

"ಆದ್ರೂ ಬಿಚ್ಚಿ ನೋಡ್ಲೇಬೇಕು," ಎಂದರು ಸೂಪರ್‌ವೈಸರು.

ಗಾರ್ಡು ಬ್ಯಾಂಡೇಜಿನ ತುದಿ ಹುಡುಕಿ ಸುತ್ತು ಬಿಚ್ಚತೊಡಗಿದಳು. ಬಿಚ್ಚಿದಳು, ಬಿಚ್ಚಿದಳು, ಮುಗಿಯಲಿಲ್ಲ. "ಇದೇನು ಮೇಡಂ, ಸೀರೆ ಉಡ್ಸಿದೀರಾ ಕೈಗೆ?" ಎಂದಳು. ಬಟ್ಟೆ ನೆಲದ ಮೇಲೆ ರಾಶಿಯಾಗುತ್ತಾ ಹೋಯಿತು.

ಮೆಣಸಿನ ಕಣ್ಣಿಗೆ ಮೇಲಿನ ದೀಪಗಳು ಎರಡೆರಡಾಗಿ ಕಂಡವು. ಅಷ್ಟರಲ್ಲಿ ಫೋನಿನ ಕೂಗು ಬದಲಾಯಿತು. ಪೀಂ ಪೀಂ ನಿಂತು ಉದ್ದವಾದ, ಒರಟಾದ ಸದ್ದು ಶುರುವಾಯಿತು. ಎರಡನೆಯ ಕೂಗು.

"ಅತ್ತೆ," ಎಂದಳು ಮೆಣಸು. ದನಿ ಅವಳದೇ ಅಲ್ಲದ ಹಾಗಿತ್ತು.

"ಆಯ್ತು ಕಂದಾ, ಮುಗೀತು, ಇನ್ನು ಟೇಪು ಒಂದೇ." ಅತ್ತೆ ಮುಂದೆ ನುಗ್ಗಿದಳು. ಕುರುವೂ ಇಲ್ಲ, ಗಾಯವೂ ಇಲ್ಲ ಅಂತ ಬೇಗ ತೋರಿಸಿ ಕೈ ತೊಳೆದುಕೊಂಡರೆ ಸಾಕು ಅನ್ನಿಸಿತ್ತು ಅವಳಿಗೆ.

"ಎಳೀಬೇಡ ಅತ್ತೆ, ನಿಧಾನ..."

"ಒಂದೇ ಏಟಿಗೆ ಎಳೆದ್ರೆ ನೋವಾಗಲ್ಲ."

ಚರ್ರ್.

ಟೇಪು ಬಂತು. ಟೇಪಿನ ಜೊತೆ ಬಿಲ್ಲೆಯೂ ಬಂತು. ಅತ್ತೆ ಬಾಯಿ ತೆರೆದುಕೊಂಡು ಕೈಯಲ್ಲಿದ್ದುದನ್ನು ನೋಡಿದಳು. ಟೇಪಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದ ಬಿಲ್ಲೆಯ ಅಡಿಯಲ್ಲಿ ಕೂದಲೆಳೆಯಂಥ ತಂತಿ ನಡುಗುತ್ತಿತ್ತು.

"ತಂತಿ!" ಸೂಪರ್‌ವೈಸರು ಕೂಗಿದರು. "ತಂತಿ ಇದೆ, ಓವರ್!"

ತಂತಿ ಎನ್ನುವ ಮಾತು ಸಾಲಿನ ಕೊನೆಯವರೆಗೆ ಓಡಿತು. ಸಾಲು ಎರಡು ಭಾಗವಾಗಿ ಗೋಡೆಗಳಿಗೆ ಅಂಟಿಕೊಂಡಿತು.

ಅದೇ ಹೊತ್ತಿಗೆ ಫೋನು ಸುಮ್ಮನಾಯಿತು.

"ಹಾಂ," ಸೂಪರ್‌ವೈಸರು ಉಸಿರು ಬಿಟ್ಟರು. "ನಿಲ್ತು. ಸರಿಹೋಯ್ತು. ಎಲ್ಲಾ ಕಂಟ್ರೋಲ್‌ನಲ್ಲಿದೆ, ಓವರ್."

ಅತ್ತೆಯೂ ಉಸಿರು ಬಿಟ್ಟಳು. ಗೋಡೆಗೆ ಅಂಟಿಕೊಂಡಿದ್ದವರೂ ಉಸಿರು ಬಿಟ್ಟರು. ಸರಿಹೋಗಿಲ್ಲ ಅಂತ ಗೊತ್ತಿದ್ದದ್ದು ಮೆಣಸಿಗೊಬ್ಬಳಿಗೇ. ಬಿಲ್ಲೆ ಕಿತ್ತುಬಂದ ಮೇಲೆ ಫೋನಿಗೆ ಹೇಳುವವರು ಯಾರೂ ಇರಲಿಲ್ಲ. ಸಕ್ಕರೆ ಇಳಿಯುತ್ತಲೇ ಇತ್ತು. ಇನ್ನು ಕೂಗುವುದಿದ್ದರೆ ಅವಳೇ ಕೂಗಬೇಕು.

ಮೆಣಸು ಬ್ಯಾಂಡೇಜಿನ ರಾಶಿಯ ಮೇಲೆ ಕುಕ್ಕರಿಸಿದಳು.

"ನಂಗೆ ಡಯಾಬಿಟಿಸ್ ಇದೆ!"

ಅಷ್ಟು ಜೋರಾಗಿ ಅವಳು ಆಟದ ಮೈದಾನದಲ್ಲೂ ಕೂಗಿರಲಿಲ್ಲ.

"ಅದು ಸಕ್ಕರೆ ನೋಡೋ ಸೆನ್ಸರು. ನಾನು ಬಿದ್ದಿಲ್ಲ. ಕುರು ಇಲ್ಲ. ಅದು ಸ್ಕೆಚ್ ಪೆನ್ ಅಲ್ಲ, ಇನ್ಸುಲಿನ್ನು. ನಂಗೆ ಚಿತ್ರ ಬರೆಯೋಕೇ ಬರಲ್ಲ! ನನ್ನ ಸಕ್ಕರೆ ಕಮ್ಮಿ ಆಗಿದೆ. ಜ್ಯೂಸ್ ಕೊಡಿ. ಈಗ್ಲೇ ಕೊಡಿ!"

"ಅಯ್ಯೋ ದೇವರೇ," ಎಂದಳು ಗಾರ್ಡು.

ಸೂಪರ್‌ವೈಸರು ವಾಕಿಟಾಕಿಯನ್ನು ಬಾಯಿಯ ಹತ್ತಿರ ಒಯ್ದರು. "ಜ್ಯೂಸಿಗೆ ಪರ್ಮಿಷನ್ ಬೇಕಾಗಿತ್ತು, ಓವರ್..."

ಅತ್ತೆಗೆ ಸುಳ್ಳು ಬರದಿರಬಹುದು, ತಳ್ಳುವುದು ಚೆನ್ನಾಗಿ ಬರುತ್ತಿತ್ತು. ಬಸ್ಸು ಹತ್ತಿ ಹತ್ತಿ ಗಟ್ಟಿಯಾದ ಮೊಣಕೈ ಅವಳದು. ಅದು ಸೂಪರ್‌ವೈಸರ ಪಕ್ಕೆಗೆ ತಗುಲಿತು. ಅವರು ಒಂದು ಕಡೆ, ವಾಕಿಟಾಕಿ ಒಂದು ಕಡೆ. ಅತ್ತೆ ಬ್ಯಾಗಿನ ಝಿಪ್ಪು ಎಳೆದು, ಜ್ಯೂಸ್ ಡಬ್ಬಿ ಹಿರಿದು, ನೆಲದ ಮೇಲೆ ಕೂತೇಬಿಟ್ಟಳು. ಸ್ಟ್ರಾ ಚುಚ್ಚಲು ಹೋದಳು. ಸ್ಟ್ರಾ ರಂಧ್ರ ಬಿಟ್ಟು ಉಳಿದೆಲ್ಲ ಕಡೆ ತಾಗಿತು.

"ಕೊಡಿಲ್ಲಿ," ಎಂದು ಗಾರ್ಡು ಡಬ್ಬಿ ಕಿತ್ತುಕೊಂಡು, ಸ್ಟ್ರಾ ಚುಚ್ಚಿ, ಮೆಣಸಿನ ಬಾಯಿಗಿಟ್ಟಳು.

ಮೆಣಸು ಹೀರಿದಳು. ಡಬ್ಬಿ ಒಳಕ್ಕೆ ಕುಗ್ಗಿ ಗೊರಗೊರ ಸದ್ದು ಮಾಡುವವರೆಗೆ ಹೀರಿದಳು.

ಆಮೇಲೆ ಸ್ಟ್ರಾ ಕಚ್ಚಿಕೊಂಡು ತಲೆಯೆತ್ತಿ ನೋಡಿದಳು. ಅತ್ತೆ ಹೆದರುತ್ತಿದ್ದದ್ದು ನಾಲ್ಕು ಜನಕ್ಕೆ. ಇಲ್ಲಿ ಇಡೀ ಸಾಲು ಕೇಳಿಸಿಕೊಂಡಿತ್ತು. ಈಗ ಏನೋ ಆಗುತ್ತದೆ ಅಂತ ಮೆಣಸು ಕಾದಳು.

ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದ ಒಬ್ಬ ಅಂಕಲ್ ಮುಂದೆ ಬಂದರು. "ಇಷ್ಟು ಚಿಕ್ಕ ಹುಡುಗಿಗೆ ಡಯಾಬಿಟಿಸ್ಸಾ? ಚಾಕೊಲೇಟ್ ಜಾಸ್ತಿ ತಿಂದಿರ್ಬೇಕು."

"ಅದು ಹಾಗೆ ಬರಲ್ಲ ಅಂಕಲ್," ಎಂದಳು ಮೆಣಸು. "ನಿಮ್ಮ ಪ್ಯಾಂಟ್ ಜಾರ್ತಿದೆ."

"ಅಯ್ಯಯ್ಯೋ. ನನ್ನ ಬೆಲ್ಟು ಯಾವ ಟ್ರೇಲಿ ಹೋಯ್ತು?"

ಅಷ್ಟೇ. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಒಬ್ಬರು ಶೂ ಲೇಸು ಕಟ್ಟಿಕೊಳ್ಳತೊಡಗಿದರು. ಒಬ್ಬರು ವಾಚು ಹುಡುಕಿದರು. "ಫೋನು, ಲ್ಯಾಪ್‌ಟಾಪು, ಬೆಲ್ಟು," ಎಂದು ಟ್ರೇ ಕೊಡುವವನು ಮತ್ತೆ ಶುರು ಮಾಡಿದ.

ಗಾರ್ಡು ಮೆಣಸಿನ ತೋಳಿನ ಮೇಲೆ ಹತ್ತಿ ಒತ್ತಿ ಹಿಡಿದಿದ್ದಳು. ಚರ್ಮ ಸ್ವಲ್ಪ ಕಿತ್ತು ರಕ್ತ ಜಿನುಗುತ್ತಿತ್ತು. "ಇಂಥ ಸೆನ್ಸರ್ ಹಾಕ್ಕೊಂಡವರು ದಿನಾ ಬರ್ತಾರೆ ಮೇಡಂ," ಎಂದಳು ಅತ್ತೆಗೆ. "ಬಂದು ತೋರಿಸ್ತಾರೆ, ನಾವು ನೋಡ್ತೀವಿ, ಹೋಗ್ತಾರೆ. ಜ್ಯೂಸೂ ಬಿಡ್ತೀವಿ. ಒಂದು ಮಾತು ಹೇಳ್ಬಾರ್ದಿತ್ತಾ?"

ಸೂಪರ್‌ವೈಸರು ಪಕ್ಕೆ ಉಜ್ಜಿಕೊಳ್ಳುತ್ತಾ ವಾಕಿಟಾಕಿ ಎತ್ತಿಕೊಂಡರು. ಮೊದಲ ಸಲ ಬರೀ ಬಾಯಲ್ಲಿ ಮಾತಾಡಿದರು. "ಸೆನ್ಸರಿಗೆ ರೂಲ್ ಇದೆ ಮೇಡಂ. ಕುರುವಿಗೆ ರೂಲ್ ಇಲ್ಲ."

ಅತ್ತೆ ನೆಲದ ಮೇಲಿದ್ದ ಬ್ಯಾಂಡೇಜನ್ನು ಸುರುಳಿ ಸುತ್ತುತ್ತಾ ಕೂತಿದ್ದಳು.

ಒಳಗೆ ಕುರ್ಚಿಗಳ ಸಾಲಿತ್ತು. ಗಾಜಿನಾಚೆ ವಿಮಾನಗಳು ನಿಂತಿದ್ದವು. ಮೆಣಸು ಬ್ಯಾಗಿನಿಂದ ಚಿಕ್ಕ ಮೀಟರು ತೆಗೆದು ಬೆರಳಿಗೆ ಸೂಜಿ ಚುಚ್ಚಿದಳು. ರಕ್ತದ ಹನಿಯನ್ನು ಪಟ್ಟಿಗೆ ತಾಗಿಸಿದಳು. ಅರವತ್ತೆಂಟು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಬೆರಳು ಚುಚ್ಚಿದಳು. ತೊಂಬತ್ತು ದಾಟಿತ್ತು. ದೀಪಗಳು ಮತ್ತೆ ಒಂದೊಂದೇ ಕಂಡವು. ಅತ್ತೆ ಅಂಗಡಿಯಿಂದ ಎರಡು ಬನ್ನು ತಂದುಕೊಟ್ಟಳು. ಮೆಣಸು ಒಂದನ್ನು ತಿಂದಳು.

ಒಮ್ಮೆ ಕಿತ್ತ ಬಿಲ್ಲೆ ಮತ್ತೆ ಅಂಟುವುದಿಲ್ಲ. ಇದು ಇನ್ನೂ ಒಂಬತ್ತು ದಿನ ಬರುತ್ತಿತ್ತು, ಊರಿಗೆ ಹೋಗುವುದು ಒಂದೇ ವಾರಕ್ಕೆ ಅಂತ ಅಮ್ಮ ಬೇರೆ ಬಿಲ್ಲೆ ಕಳಿಸಿರಲಿಲ್ಲ. ಇನ್ನು ವಾರವಿಡೀ ಬೆರಳು ಚುಚ್ಚಬೇಕು. ಊಟಕ್ಕೆ ಮೊದಲು, ಊಟದ ಮೇಲೆ, ಮಲಗುವ ಮುಂಚೆ, ರಾತ್ರಿ ನಡುವೆ ಎದ್ದು ಒಮ್ಮೆ.

"ನೋವಾಯ್ತಾ?" ಅತ್ತೆ ಕೇಳಿದಳು.

"ಹೂಂ," ಎಂದಳು ಮೆಣಸು. ಆಗಿತ್ತು, ಅದಕ್ಕೇ ಹೇಳಿದಳು.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಪಕ್ಕಕ್ಕೆ ಸರಿದು ಬಗ್ಗಿದಳು. "ಏ ಮೆಣಸು. ಅಮ್ಮನಿಗೆ ಬಿಲ್ಲೆ ತಾನಾಗೇ ಬಿದ್ದೋಯ್ತು ಅನ್ನೋಣ. ಆಗ್ಬಹುದಾ?"

"ಎಲ್ಲಿ ಬಿತ್ತು ಅಂತ ಕೇಳ್ತಾಳೆ."

"ಎಲ್ಲೋ..." ಎಂದ ಅತ್ತೆ ಅರ್ಧಕ್ಕೇ ನಿಲ್ಲಿಸಿದಳು.

ಫೋನು ರಿಂಗಾಯಿತು. ಅಮ್ಮ. ಬಿಲ್ಲೆ ಹೇಳಿದ್ದು ಅಮ್ಮನ ಫೋನಿಗೂ ಹೋಗುತ್ತಿತ್ತು. ಆಫೀಸಿನ ಮೀಟಿಂಗು ಮುಗಿಸಿ ಫೋನು ನೋಡಿದ ಅಮ್ಮನಿಗೆ ಕೆಂಪು ನಂಬರು ಕಂಡಿತ್ತು, ಆಮೇಲೆ ನಂಬರೇ ಇರಲಿಲ್ಲ.

ಮೆಣಸು ಫೋನ್ ಎತ್ತಿ, "ನಾನು ಚೆನ್ನಾಗಿದೀನಮ್ಮಾ. ಜ್ಯೂಸ್ ಕುಡಿದೆ, ಬನ್ ತಿಂದೆ. ಈಗ ತೊಂಬತ್ತರ ಮೇಲಿದೆ," ಎಂದಳು. ಆಮೇಲೆ ಫೋನನ್ನು ಅತ್ತೆಯ ಕೈಗೆ ಕೊಟ್ಟಳು.

"ಹಲೋ... ಹಾಂ... ಅದಾ? ಅದು ಏನಾಯ್ತು ಅಂದ್ರೆ, ಇಲ್ಲಿ ಮೆಷಿನ್ನು..." ಅತ್ತೆ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. "ಇಲ್ಲಿ ಬಾಗಿಲು ಒಂದಿದೆ, ಆ ಬಾಗಿಲಿಗೆ..."

ಅತ್ತೆ ಮೆಣಸಿನ ಕಡೆ ನೋಡಿದಳು. ಮೆಣಸು ಸುಮ್ಮನೆ ನೋಡುತ್ತಾ ಕೂತಿದ್ದಳು. ಬೇಡ ಅಂತ ತಲೆಯಾಡಿಸಲಿಲ್ಲ. ಹೂಂ ಅಂತಲೂ ಆಡಿಸಲಿಲ್ಲ.

"ನಾನೇ ಕಿತ್ತೆ," ಎಂದಳು ಅತ್ತೆ.

ಆ ಕಡೆಯಿಂದ ಅಮ್ಮನ ದನಿ ಏರಿತು. ಅತ್ತೆ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಾ ಕೂತಳು. "ಹೌದು... ಬ್ಯಾಂಡೇಜ್ ಕಟ್ಟಿದ್ದೆ... ಹೌದು, ನನ್ನದೇ ತಪ್ಪು..." ಅವಳ ಕಿವಿಯ ತುದಿ ಕೆಂಪಾಗಿತ್ತು.

ಮೆಣಸು ಆ ಕಿವಿಯನ್ನೇ ನೋಡಿದಳು. ಸ್ಟೀಲ್ ಟೇಬಲ್ಲಿನ ಪಕ್ಕ ನಿಂತಾಗ ತನ್ನ ಕಿವಿಯೂ ಹೀಗೇ ಬಿಸಿಯಾಗಿತ್ತು. ಹೇಳಿಬಿಟ್ಟ ಮೇಲೆ, ಜ್ಯೂಸ್ ಡಬ್ಬಿ ಖಾಲಿಯಾಗುವಷ್ಟರಲ್ಲಿ ಅದು ತಣ್ಣಗಾಗಿತ್ತು. ಅತ್ತೆಯದೂ ಆಗುತ್ತದೆ. ಅತ್ತೆಗೆ ಅದಿನ್ನೂ ಗೊತ್ತಿರಲಿಲ್ಲ, ಅಷ್ಟೇ.

ಮೆಣಸು ಉಳಿದಿದ್ದ ಬನ್ನನ್ನು ಮುರಿದು ಅರ್ಧವನ್ನು ಅತ್ತೆಯ ಮಡಿಲಲ್ಲಿಟ್ಟಳು.

ಆ ದಿನ ಹೋದದ್ದು ಇಷ್ಟೇ: ಟ್ಯಾಕ್ಸಿಯಲ್ಲಿ ಉಳಿದ ತಿಂಡಿಯ ಡಬ್ಬಿ ಒಂದು, ಒಂಬತ್ತು ದಿನ ಬಾಳಬೇಕಿದ್ದ ಬಿಲ್ಲೆ ಒಂದು, ಜ್ಯೂಸಿನ ಡಬ್ಬಿ ಒಂದು, ತೋಳಿನ ಮೇಲೆ ಉಗುರಿನಷ್ಟು ಚರ್ಮ.